ಅಂತೋನಿಯ ಖಾಲಿ ತೋಳು

ಸಂತ ಅಂತೋನಿಯ ತೋಳು ಖಾಲಿಯಾಗಿದೆ ಎಂಬುದು ಯುಜಿನ್‌ನ ಕಣ್ಣಿಗೆ ಬಿದ್ದದ್ದು ಸಂತನ ಹಬ್ಬದ ದಿನವೇ, ಮಂಗಳವಾರ ಬೆಳಿಗ್ಗೆ, ಧೂಳು ಒರೆಸಲೆಂದು ಮೊಳದುದ್ದದ ಆ ಪ್ರತಿಮೆಯನ್ನು ಟಿ.ವಿ. ಪಕ್ಕದಿಂದ ಎತ್ತಿಕೊಂಡಾಗ. ಬಲಗೈಯಲ್ಲಿ ಲಿಲ್ಲಿ ಹೂವಿತ್ತು. ಎಡತೋಳಿನ ಮೇಲೆ ತೆರೆದ ಪುಸ್ತಕವಿತ್ತು. ಪುಸ್ತಕದ ಮೇಲೆ ಕೂತಿರಬೇಕಾದ ಬಾಲಯೇಸು ಮಾತ್ರ ಇರಲಿಲ್ಲ. ತಾನೇ ಬಟ್ಟೆ ತಾಗಿಸಿ ಮುರಿದೆನೇನೋ ಎಂದು ಮಂಡಿಯೂರಿ ಸೋಫಾದ ಅಡಿಯಲ್ಲೆಲ್ಲ ಕೈಯಾಡಿಸಿದ. ಸಿಕ್ಕಿದ್ದು ಒಂದು ಪೆನ್ನಿನ ಮುಚ್ಚಳ ಮತ್ತು ತನ್ನದೇ ಒಂಟಿ ಕಾಲುಚೀಲ. ಮತ್ತೆ ಎದ್ದು ಪುಸ್ತಕದ ನಡುವಿನ ಸಣ್ಣ ತೂತನ್ನು ಬೆರಳಿನಿಂದ ಮುಟ್ಟಿ ನೋಡಿದ. ಮುರಿದದ್ದಲ್ಲ, ಯಾರೋ ಜೋಪಾನವಾಗಿ ಬಿಡಿಸಿ ತೆಗೆದಿದ್ದರು. ಈ ಮನೆಯಲ್ಲಿ ಯಾರೋ ಎಂದರೆ ಎಮಿಲ್ಡಾ. ಎಮಿಲ್ಡಾ ಸತ್ತು ಎರಡು ತಿಂಗಳಾಗುತ್ತ ಬಂದಿತ್ತು. ಹೆಂಡತಿಯ ಕೈ ಕೊನೆಯದಾಗಿ ಮಾಡಿದ ಒಂದು ಕೆಲಸ ಹೀಗೆ ಎದುರಿಗೆ ಬಂದಾಗ ಮನುಷ್ಯನಿಗೆ ಏನಾದರೂ ಆಗಬೇಕು. ಯುಜಿನ್‌ಗೆ ಏನೂ ಆಗಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗಿತ್ತು ಎದೆಯೊಳಗೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ.

ಪ್ರತಿಮೆ ಅವರ ಮನೆಯದಲ್ಲ. ಅಬುಧಾಬಿಯ ಕೊಂಕಣಿ ಕುಟುಂಬಗಳ ಪ್ರಾರ್ಥನಾ ಕೂಟದ್ದು. ಮಂಗಳವಾರ ಮಂಗಳವಾರ ಒಂದು ಮನೆಯಿಂದ ಇನ್ನೊಂದು ಮನೆಗೆ, ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಹೋಗುವ ಸಂತ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಎಮಿಲ್ಡಾಳ ಸರದಿ ಬಂದು ಅಲ್ ರೀಮ್ ಐಲ್ಯಾಂಡಿನ ಈ ಎತ್ತರದ ಫ್ಲ್ಯಾಟಿಗೆ ಲಿಫ್ಟಿನಲ್ಲಿ ಬಂದಿಳಿದಿದ್ದ. ಈ ವರ್ಷ ಕೂಟದಲ್ಲಿ ಊರಿಗೆ ಹೋದವರು, ಕೆಲಸ ಕಳಕೊಂಡವರು ಹೆಚ್ಚಾಗಿ ಸರದಿ ಸ್ವಲ್ಪ ಅಸ್ತವ್ಯಸ್ತವಾಗಿತ್ತು. ಅಷ್ಟರಲ್ಲಿ ಈಸ್ಟರ್ ಬಂತು. ಈಸ್ಟರಿನ ಮರುವಾರ ಎಮಿಲ್ಡಾ ಕೆಲಸ ಮಾಡುತ್ತಿದ್ದ ಶಾಲೆಯ ಸ್ಟಾಫ್ ರೂಮಿನಲ್ಲಿ ಚಹಾದ ಕಪ್ಪು ಕೆಳಗಿಡುತ್ತ ಕುಸಿದಳು. ಆಮೇಲೆ ಯಾರೂ ಸಂತನನ್ನು ಕೇಳಿಕೊಂಡು ಬರಲಿಲ್ಲ. ಇರಲಿ, ಒಂಟಿ ಮನುಷ್ಯ, ಜೊತೆಗಿರಲಿ ಎಂದುಕೊಂಡರೇನೋ. ನಿನ್ನೆ ಮಾತ್ರ ಜಲಜಾಕ್ಷಿ ಫೋನು ಮಾಡಿದ್ದಳು. ಅವಳು ಎಮಿಲ್ಡಾಳ ಜೊತೆಗೇ ಶಾಲೆಯಲ್ಲಿದ್ದವಳು, ಉಡುಪಿ ಕಡೆಯ ತುಳುವಿನವಳು, ಮನೆ ಖಲೀಫಾ ಸಿಟಿಯಲ್ಲಿ. "ಯುಜಿನಣ್ಣ, ನಾಳೆ ಹಬ್ಬದ ಪ್ರಾರ್ಥನೆ ನಮ್ಮಲ್ಲಿ. ಎಮಿಲ್ಡಕ್ಕ ನಂಗೆ ಮಾತು ಕೊಟ್ಟಿದ್ರು, ಈ ಸಲ ಹಬ್ಬಕ್ಕೆ ಅಂತೋನಿಯವರು ನಿನ್ನ ಮನೆಗೇ ಅಂತ. ಹಿಂದೂಗಳ ಮನೆಯಲ್ಲಿ ಯಾಕೆ ಅಂತ ಒಂದಿಬ್ಬರು ಮುಖ ಸಿಂಡರಿಸಿದ್ರಂತೆ, ಅಕ್ಕನೇ ಬಾಯಿ ಮುಚ್ಚಿಸಿದ್ದಂತೆ. ಸಂಜೆ ನಾನೇ ಬಂದು ಕರ್ಕೊಂಡು ಹೋಗ್ತೇನೆ. ಸಂತರ ಚರಿತ್ರೆ ಮಾತ್ರ ನೀವೇ ಹೇಳ್ಬೇಕು, ನಿಮ್ಮ ಸ್ವರ ಒಳ್ಳೆದುಂಟು ಅಂತ ಅಕ್ಕ ಯಾವಾಗ್ಲೂ ಹೇಳ್ತಿದ್ರು." ಅವನು ಆಯಿತು ಎಂದಿದ್ದ. ಈ ಎರಡು ತಿಂಗಳು ಎಲ್ಲರಿಗೂ ಎಲ್ಲದಕ್ಕೂ ಅವನು ಆಯಿತು ಎಂದೇ ಹೇಳುತ್ತ ಬಂದಿದ್ದ. ಈಗ ಮಗುವಿಲ್ಲದ ಸಂತನನ್ನು ಕೊಟ್ಟು ಕಳಿಸಿದರೆ, ಮೊದಲೇ ಮುಖ ಸಿಂಡರಿಸಿದವರ ಎದುರು ಆ ಹುಡುಗಿಯ ಮಾನ ಹೋಗುತ್ತದೆ. ಸಂಜೆಯೊಳಗೆ ಹುಡುಕಬೇಕು.

ಹುಡುಕಬೇಕು ಎಂದುಕೊಂಡದ್ದೇ ತಡ, ಬಂಟ್ವಾಳದ ಅತ್ತೆಯ ಮನೆಯ ಪಡಸಾಲೆ ಕಣ್ಣೆದುರು ಬಂತು. ಮದುವೆಯಾದ ಮೊದಲ ವರ್ಷ. ಅಲ್ಲೂ ಇಂಥವನೇ ಒಬ್ಬ ಅಂತೋನಿ, ಬಣ್ಣ ಮಾಸಿದವನು, ಅವನ ತೋಳೂ ಹೀಗೆಯೇ ಖಾಲಿ. ಏನಾದರೂ ಕಳೆದುಹೋದರೆ ಅತ್ತೆ ಸಂತನ ತೋಳಿನಿಂದ ಮಗುವನ್ನು ಕಿತ್ತುಕೊಳ್ಳುತ್ತಿದ್ದರು. ನಮ್ಮದನ್ನು ಹುಡುಕಿ ಕೊಡು, ನಿನ್ನದನ್ನು ತಕೋ. ಅದಕ್ಕೊಂದು ಕಾನೂನೂ ಇತ್ತು: ಕಳೆದುಹೋದದ್ದು ಎಲ್ಲಿರಬೇಕಿತ್ತೋ ಆ ಜಾಗದಲ್ಲೇ ಮಗುವನ್ನು ಇಡಬೇಕು. ಬೆಂಡೋಲೆ ಕಳೆದರೆ ಬೆಂಡೋಲೆಯ ಡಬ್ಬಿಯಲ್ಲಿ, ಬೀಗದಕೈ ಕಳೆದರೆ ಅದರ ಮೊಳೆಗೆ ತೂಗುಹಾಕಿದ ಬಟ್ಟೆಯ ಚೀಲದಲ್ಲಿ. ಎಮಿಲ್ಡಾಳ ಅಣ್ಣ ಮುಂಬಯಿಗೆ ಹೋಗಿ ಕಾಗದವಿಲ್ಲ ಪತ್ತೆಯಿಲ್ಲ ಎಂದಾದಾಗ ಅವನ ಊಟದ ಬಟ್ಟಲಲ್ಲಿ ಮಗುವನ್ನು ಕೂರಿಸಿ ಮೇಲೆ ಇನ್ನೊಂದು ಬಟ್ಟಲು ಕವುಚಿಟ್ಟಿದ್ದರು. ಅವನು ಬಂದು ಅದೇ ಬಟ್ಟಲಲ್ಲಿ ಗಂಜಿ ಉಂಡ ಮೇಲೆಯೇ ಮಗು ಸಂತನ ತೋಳಿಗೆ ವಾಪಸಾದದ್ದು. ಇದೆಲ್ಲ ಮೂಢನಂಬಿಕೆ ಎಂದು ಪಾದ್ರಿಗಳು ಗದರಿದರೆ ಅತ್ತೆ, "ಫಾದರಿಗೆ ಎಂತ ಗೊತ್ತು? ಕಳ್ಕೊಳ್ಳಿಕ್ಕೆ ಅವರ ಹತ್ರ ಎಂತ ಉಂಟು?" ಎಂದಿದ್ದರು. ಹೊಸ ಅಳಿಯನ ಗತ್ತಿನಲ್ಲಿ ಯುಜಿನ್, "ನಿಮ್ಮ ಅಂತೋನಿ ಸಂತನೋ, ಪೊಲೀಸ್ ಸ್ಟೇಷನ್ನೋ?" ಎಂದು ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ಎಮಿಲ್ಡಾ ನಕ್ಕಿರಲಿಲ್ಲ. ಆ ಕಾನೂನು ಅವಳ ಮೈಯಲ್ಲಿ ಇಳಿದಿತ್ತು. ಹಾಗಾದರೆ ಅವಳೂ ಏನನ್ನೋ ಕಳಕೊಂಡಿದ್ದಳು. ಮಗು ಸಿಕ್ಕ ಜಾಗದಲ್ಲಿ ಅದೇನೆಂದು ಬರೆದಿಟ್ಟಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿದ್ದ ಗಂಡನಿಗೆ ಅದರ ಅಂದಾಜೂ ಇಲ್ಲ. ಯುಜಿನ್‌ಗೆ ನಾಚಿಕೆಯಾಯಿತು. ಅದೂ ದೂರದಿಂದ, ಬೇರೆ ಯಾರಿಗೋ ಆದ ಹಾಗೆ.

ರಂಜಾನ್ ತಿಂಗಳು, ಅಲ್ ಮೀನಾದ ಅವನ ಆಫೀಸು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಬಂದರಿಗೆ ಹಡಗಿನಲ್ಲಿ ಬರುವ ಮೀನಿನ ಶೀತಲ ಪೆಟ್ಟಿಗೆಗಳ ಕಾಗದಪತ್ರ ನೋಡುವ ಕೆಲಸ. ಕಿಟಕಿಯಾಚೆ ಮೀನು ಮಾರುಕಟ್ಟೆ. ಬೆಳಿಗ್ಗೆ ಅದರ ನಡುವೆಯೇ ಹಾದುಬಂದಿದ್ದ. ಐಸಿನ ಮೇಲೆ ಸಾಲಾಗಿ ಮಲಗಿದ ಹಮ್ಮೂರ್ ಮೀನುಗಳು ಬಾಯಿ ತೆರೆದುಕೊಂಡಿದ್ದವು. ಅಂತೋನಿಯ ಮಾತನ್ನು ಊರಿನಲ್ಲಿ ಯಾರೂ ಕೇಳದಿದ್ದಾಗ ಅವನು ಸಮುದ್ರದ ದಂಡೆಗೆ ಹೋಗಿ ಮೀನುಗಳಿಗೇ ಉಪದೇಶ ಮಾಡಿದನಂತೆ, ಮೀನುಗಳು ನೀರಿನಿಂದ ತಲೆಯೆತ್ತಿ ಚಿಕ್ಕವು ಮುಂದೆ ದೊಡ್ಡವು ಹಿಂದೆ ನಿಂತು ಕೇಳಿದವಂತೆ. ಎಮಿಲ್ಡಾ ಈ ಕತೆ ಹೇಳುವಾಗಲೆಲ್ಲ ಕೊನೆಗೆ ಅವನ ಕಡೆ ತಿರುಗಿ, "ನಮ್ಮವರೂ ದಿನಾ ಮೀನಿನ ಹತ್ರವೇ ಮಾತಾಡೂದು. ಮನೆಗೆ ಬರುವಾಗ ಮಾತು ಖಲಾಸ್," ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವನೂ. ಅವಳು ಕುಸಿದ ದಿನ ಇದೇ ಮೇಜಿನ ಮೇಲೆ ಫೋನು ಬಡಿದುಕೊಂಡಿತ್ತು, ಎಮಿಲ್ಡಾ ಎಂದು ಹೆಸರು ಬಂದಿತ್ತು. ಮೀನು ತನ್ನಿ, ಕ್ಲೀನ್ ಮಾಡಿಸಿಯೇ ತನ್ನಿ ಎಂದು ಹೇಳಲಿಕ್ಕಿರಬೇಕು ಎಂದು ಅವನು ಎತ್ತಲಿಲ್ಲ. ಮತ್ತೆ ಬಡಿದುಕೊಂಡಿತು, ಎತ್ತಲಿಲ್ಲ. ಅವಳ ಫೋನಿನಿಂದ ಮಾಡುತ್ತಿದ್ದದ್ದು ಜಲಜಾಕ್ಷಿ. ಎತ್ತಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಊರಿಗೆ ಹೋಗುವ ವಿಮಾನದಲ್ಲಿ, ಕೆಳಗೆ ಪೆಟ್ಟಿಗೆಯಲ್ಲಿ ಅವಳಿರುವಾಗ, ಮೇಲೆ ಸೀಟಿನಲ್ಲಿ ಕೂತು ಅವನು ಕೊಟ್ಟ ಊಟವನ್ನೆಲ್ಲ ಉಂಡಿದ್ದ; ಸಿಹಿಯನ್ನೂ ಬಿಟ್ಟಿರಲಿಲ್ಲ. ಪಕ್ಕದ ಸೀಟಿನ ಹೆಂಗಸು ತನ್ನ ಸಿಹಿಯನ್ನೂ ಅವನ ಕಡೆ ಸರಿಸಿದಾಗ ಅದನ್ನೂ ತಿಂದಿದ್ದ.

"ಯುಜಿನ್ ಭಾಯ್," ಎಂದ ಎದುರು ಮೇಜಿನ ಅತಾಉರ್ರಹ್ಮಾನ್. ಭಟ್ಕಳದವನು, ಹತ್ತು ಹನ್ನೆರಡು ವರ್ಷದ ಸ್ನೇಹ. "ಉಪವಾಸ ಇರೂದು ನಾನು. ಮುಖ ನೋಡಿದ್ರೆ ರೋಜಾ ಹಿಡಿದದ್ದು ನೀವು ಅಂತ ಕಾಣ್ತದೆ."

ಯುಜಿನ್ ನಕ್ಕ. ನಗು ಬರಬೇಕಾದಲ್ಲಿ ಬರುತ್ತಿತ್ತು, ಅದಕ್ಕೇನೂ ತೊಂದರೆಯಿರಲಿಲ್ಲ.

"ಒಂದು ಮಾತು, ಬೇಜಾರು ಮಾಡ್ಬೇಡಿ. ನಮ್ಮ ಮನೆಯವಳು ಕುದ್ಸಿಯಾ ದಿನಾ ಕೇಳ್ತಾಳೆ, ಯುಜಿನ್ ಭಾಯ್ ಒಮ್ಮೆಯಾದ್ರೂ ಅತ್ತರಾ ಅಂತ. ನಾನು ಎಂತ ಹೇಳ್ಲಿ?"

"ಅತ್ತರು ಅಂತ ಹೇಳಿ."

"ರಂಜಾನ್‌ನಲ್ಲಿ ಸುಳ್ಳು ಹೇಳ್ಸಬೇಡಿ ಮಾರಾಯ್ರೆ." ಅತಾಉರ್ರಹ್ಮಾನ್ ಎದ್ದು ಬಂದು ಅವನ ಕಂಪ್ಯೂಟರಿನ ಪರದೆಯನ್ನು ತಾನೇ ಆರಿಸಿದ. "ಯಲ್ಲಾ, ಹೋಗಿ ಮನೆಗೆ. ಸ್ವಲ್ಪ ಮಲಗಿ."

ಹೊರಗೆ ಜೂನಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕಾರಿನ ಸ್ಟಿಯರಿಂಗ್ ಮುಟ್ಟಲಾಗದಷ್ಟು ಕಾದಿತ್ತು. ಮುಟ್ಟಿದ, ಬಿಡಲಿಲ್ಲ, ಅಂಗೈ ಸುಟ್ಟದ್ದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು. ಮನೆಗೆ ಬಂದು ಷೂ ಬಿಚ್ಚದೆಯೇ ಹುಡುಕಲು ಶುರುಮಾಡಿದ. ಒಡವೆಯ ಡಬ್ಬಿಯಲ್ಲಿ ಎಲ್ಲವೂ ಇತ್ತು, ಮಗುವಿರಲಿಲ್ಲ. ಪಾಸ್‌ಪೋರ್ಟಿನ ಖಾನೆ, ಹೊಲಿಗೆಯ ಬಿಸ್ಕಿಟ್ ಡಬ್ಬಿ, ಅವಳ ಶಾಲೆಯ ಚೀಲ, ಅಕ್ಕಿಯ ಡಬ್ಬಿಯೊಳಗೂ ಮೊಣಕೈವರೆಗೆ ಕೈ ಹಾಕಿ ನೋಡಿದ. ಹೊರಗಿಂದ ಯಾರಾದರೂ ನೋಡಿದ್ದರೆ ಸತ್ತವಳ ಗಂಟು ಹುಡುಕುವ ಗಂಡ ಎಂದೇ ಅಂದುಕೊಳ್ಳುತ್ತಿದ್ದರು. ಕೊನೆಗೆ ಉಳಿದದ್ದು ಕಪಾಟಿನ ಮೇಲಿನ ನೀಲಿ ಸೂಟ್‌ಕೇಸು. ಅದನ್ನು ಅವನು ಮೊದಲೇ ನೆನೆದಿದ್ದ, ನೆನೆದೂ ಅಕ್ಕಿಯ ಡಬ್ಬಿಗೆ ಹೋಗಿದ್ದ. ಅದರೊಳಗೆ ಎಮಿಲ್ಡಾ ಹೆಣೆದ ಪುಟ್ಟ ಟೊಪ್ಪಿಗಳಿವೆ, ಹುಟ್ಟದೇ ಹೋದ ಮಗುವಿಗೆಂದು ಹೆಣೆದದ್ದು. ಆ ವಿಷಯ ಅವರಿಬ್ಬರೂ ಮಾತಾಡುವುದನ್ನು ಬಿಟ್ಟು ಎಷ್ಟು ವರ್ಷವಾಗಿತ್ತೋ. ಇಲ್ಲಿಯೇ ಇರಬೇಕು, ಇನ್ನೆಲ್ಲಿ ಇರಲು ಸಾಧ್ಯ ಎಂದು ಸ್ಟೂಲು ಹತ್ತಿ ಇಳಿಸಿದ. ಟೊಪ್ಪಿಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಬೆರಳಿಟ್ಟು ನೋಡಿದ. ಇರಲಿಲ್ಲ. ಸದ್ಯ ಎನಿಸಿತು. ಸದ್ಯ ಎನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮತ್ತೆ ಹೆದರಿಕೆ ಶುರುವಾಯಿತು: ಇದೂ ಅಲ್ಲವಾದರೆ, ಇದನ್ನೂ ಬಿಟ್ಟು ಹುಡುಕುವಂಥದ್ದನ್ನು ಅವಳು ಏನು ಕಳಕೊಂಡಿದ್ದಳು?

ಸೋಫಾದಲ್ಲಿ ಕೂತು, ಕನಿಷ್ಠ ಚರಿತ್ರೆಯನ್ನಾದರೂ ನೋಡಿಕೊಳ್ಳೋಣವೆಂದು ಕೂಟದ ಪುಟ್ಟ ಪುಸ್ತಕ ತೆರೆದ. ಲಿಸ್ಬನ್ನಿನ ಶ್ರೀಮಂತರ ಮಗ, ಹೆಸರು ಫೆರ್ನಾಂದೊ. ಮೊರಾಕ್ಕೊದಲ್ಲಿ ಧರ್ಮಕ್ಕಾಗಿ ಸತ್ತ ಸನ್ಯಾಸಿಗಳ ಶವಗಳು ತಾನಿದ್ದ ಊರಿಗೆ ಬಂದದ್ದನ್ನು ನೋಡಿ ತಾನೂ ಹಾಗೆಯೇ ಸಾಯಬೇಕೆಂದು ಹೆಸರು ಬದಲಿಸಿಕೊಂಡು, ಕಂದು ನಿಲುವಂಗಿ ತೊಟ್ಟು ಅರಬರ ನಾಡಿಗೆ ಹಡಗು ಹತ್ತಿದವನು. ಹೋದಲ್ಲಿ ಜ್ವರ ಹಿಡಿಯಿತು. ವಾಪಸು ಹೊರಟರೆ ಗಾಳಿ ಹಡಗನ್ನು ಇಟಲಿಯ ಕಡೆಗೆ ಎಳೆದೊಯ್ದಿತು. ಏನು ಹುಡುಕಿಕೊಂಡು ಹೋಗಿದ್ದನೋ ಅದು ಸಿಗಲೇ ಇಲ್ಲ. ಅಂಥವನನ್ನೇ ಜನ ಕಳೆದುಹೋದದ್ದನ್ನು ಹುಡುಕಿಕೊಡು ಎಂದು ಕೇಳುತ್ತಾರೆ. ಬೆಟ್ಟದ ಮೇಲಿನ ಮಠದಲ್ಲಿ ಪಾತ್ರೆ ತೊಳೆಯುತ್ತ ಇದ್ದ, ಮಾತು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಮಾತಾಡಬೇಕಾಗಿದ್ದವರು ಯಾರೂ ಸಿಗದೆ ಇವನನ್ನು ನಿಲ್ಲಿಸಿದರು, ಎಲ್ಲರೂ ಬೆರಗಾದರು. ಪಾದುವಾ ಊರಿನ ಹತ್ತಿರ ಸತ್ತಾಗ ನಲವತ್ತೂ ಆಗಿರಲಿಲ್ಲ. ವರ್ಷಗಳ ಮೇಲೆ ಗೋರಿ ತೆರೆದರೆ ಮೈಯೆಲ್ಲ ಮಣ್ಣಾಗಿತ್ತು, ನಾಲಗೆ ಮಾತ್ರ ಹಸಿಯಾಗಿತ್ತು. ಎಮಿಲ್ಡಾ ಪೆನ್ಸಿಲಿನಲ್ಲಿ ಗೆರೆ ಎಳೆದದ್ದು ನಾಲಗೆಯ ಸಾಲಿಗಲ್ಲ, ಅದಕ್ಕೂ ಹಿಂದಿನ ಪುಟದ ಮಗುವಿನ ಕತೆಗೆ. ಸಂತನಿಗೆ ತನ್ನ ಮನೆಯಲ್ಲಿ ಕೋಣೆ ಕೊಟ್ಟಿದ್ದ ಧಣಿಯೊಬ್ಬ ರಾತ್ರಿ ಬಾಗಿಲ ಸಂದಿನಲ್ಲಿ ಬೆಳಕು ಕಂಡು ಇಣುಕಿದ. ಒಳಗೆ ಅಂತೋನಿಯ ತೋಳಿನಲ್ಲಿ ಮಗುವೊಂದು ಕೂತಿತ್ತು. ಧಣಿ ಅಲ್ಲೇ ಹೊಸ್ತಿಲ ಹೊರಗೆ ಮಂಡಿಯೂರಿದ. ಯುಜಿನ್ ತಲೆಯೆತ್ತಿದ. ಸೋಫಾದಿಂದ ನೇರಕ್ಕೆ ಬೆಡ್‌ರೂಮಿನ ಬಾಗಿಲು. ಆ ಬಾಗಿಲ ಸಂದಿನಲ್ಲೂ ಬೆಳಕು ಬರುತ್ತಿತ್ತು, ಅವಳು ಜಪಸರ ಹಿಡಿದು ಕೂತಿರುತ್ತಿದ್ದ ಹೊತ್ತಿನಲ್ಲಿ. ಅವನು ಮುಸುಕೆಳೆದುಕೊಳ್ಳುತ್ತಿದ್ದ. ಹಿಂದಿನ ವರ್ಷ ಧೂಳುಗಾಳಿಗೆ ಕೆಮ್ಮು ಹಿಡಿದು, ಅವಳ ನಿದ್ದೆ ಕೆಡಬಾರದೆಂದು ಒಂದೆರಡು ದಿನಕ್ಕೆ ಸೋಫಾಕ್ಕೆ ಬಂದವನು. ಕೆಮ್ಮು ಹೋಯಿತು, ಅವನು ಹೋಗಲಿಲ್ಲ. ಇಲ್ಲಿ ಟಿ.ವಿ. ಇತ್ತು, ಏಸಿಯನ್ನು ತನಗೆ ಬೇಕಾದಷ್ಟು ತಣ್ಣಗಿಟ್ಟುಕೊಳ್ಳಬಹುದಿತ್ತು. ಒಳಗಾದರೆ ಅವಳಿಗೆ ಚಳಿ, "ಏಸಿ ಕಡಿಮೆ ಮಾಡಿ ಮಾರಾಯ್ರೆ" ಎಂದು ದಿನವೂ ಅದೇ ಹಾಡು. ಜಗಳವೇನೂ ಆಗಿರಲಿಲ್ಲ. ಅವಳು ಬನ್ನಿ ಎನ್ನಲಿಲ್ಲ, ಅವನು ಬರುತ್ತೇನೆ ಎನ್ನಲಿಲ್ಲ. ಅವಳು ಸತ್ತ ಮೇಲೂ ಅವನು ಮಲಗುತ್ತಿದ್ದದ್ದು ಸೋಫಾದಲ್ಲೇ; ಬೆಡ್‌ರೂಮಿಗೆ ಹೋಗುವುದು ಕಪಾಟಿನಿಂದ ಅಂಗಿ ತೆಗೆಯಲು ಮಾತ್ರ.

ಜಲಜಾಕ್ಷಿಯ ಫೋನು ಬಂತು. ಹೊರಟಿದ್ದಾಳೆ, ಇಫ್ತಾರಿನ ಟ್ರಾಫಿಕ್ ಶುರುವಾಗುವ ಮೊದಲು ತಲುಪುತ್ತಾಳೆ. ಅವನು ಆಯಿತು ಎಂದ. ಇನ್ನು ಹುಡುಕಿ ಪ್ರಯೋಜನವಿಲ್ಲ, ತೋಳಿನ ಮೇಲೆ ಹೂವಿನ ಮಾಲೆಯನ್ನಾದರೂ ಹಾಕಿ ಮುಚ್ಚಿಕೊಳ್ಳಲಿ. ಸಂತನನ್ನು ಕಳಿಸುವಾಗ ಎಮಿಲ್ಡಾ ಒಗೆದ ದಿಂಬಿನ ಚೀಲದಲ್ಲಿ ಸುತ್ತುತ್ತಿದ್ದಳು, ಬಣ್ಣ ಗೀರಬಾರದೆಂದು. ಕಪಾಟಿನಲ್ಲಿ ಹುಡುಕುವ ತಾಳ್ಮೆ ಉಳಿದಿರಲಿಲ್ಲ. ಮಂಚದ ಮೇಲೆ ಅವಳು ಕೊನೆಯದಾಗಿ ಹಾಸಿದ ಹಾಸಿಗೆ ಹಾಗೆಯೇ ಇತ್ತು. ಅವಳ ಬದಿಯ ದಿಂಬು ನಡುವೆ ತಗ್ಗಿತ್ತು, ಅವನ ಬದಿಯದ್ದು ಅಂಗಡಿಯಿಂದ ತಂದ ಹಾಗೆ ಉಬ್ಬಿಕೊಂಡಿತ್ತು. ತಲೆಯೇ ಇಡದ ದಿಂಬು, ಇದಕ್ಕಿಂತ ಶುಭ್ರವಾದ ಬಟ್ಟೆ ಇನ್ನೆಲ್ಲಿ ಎಂದು ಅದನ್ನೇ ಎತ್ತಿ, ಚೀಲದ ಎರಡು ಮೂಲೆ ಹಿಡಿದು ಕೊಡವಿದ. ದಿಂಬು ಜಾರಿ ಬಿತ್ತು. ಅದರ ಹಿಂದೆಯೇ ಹೆಬ್ಬೆರಳುದ್ದದ ಏನೋ ಚಾದರದ ಮೇಲೆ ಬಿದ್ದು ಉರುಳಿ ನಿಂತಿತು. ಬಾಲಯೇಸು. ಒಂದು ಕೈ ಆಶೀರ್ವದಿಸುತ್ತಿತ್ತು.

ಯುಜಿನ್ ನಿಂತೇ ಇದ್ದ. ಅವಳು ಪ್ರತಿ ಶುಕ್ರವಾರ ಚಾದರ, ದಿಂಬಿನ ಚೀಲ ಎಲ್ಲ ಬದಲಿಸುತ್ತಿದ್ದಳು, ಅವನು ಮಲಗದ ಬದಿಯದ್ದನ್ನೂ ಬಿಡದೆ. ಅಂದರೆ ಪ್ರತಿ ಶುಕ್ರವಾರ ಇದನ್ನು ಹೊರಗೆ ತೆಗೆದು ಮತ್ತೆ ಒಳಗಿಟ್ಟಿದ್ದಳು. ಹಾಲ್‌ನಲ್ಲಿ ಅವನು ಟಿ.ವಿ. ನೋಡುತ್ತ ಕೂತಿರುವಾಗ, ಹತ್ತು ಹೆಜ್ಜೆ ಆಚೆ, ಕಳೆದುಹೋದದ್ದು ಎಲ್ಲಿರಬೇಕಿತ್ತೋ ಆ ಜಾಗದಲ್ಲಿ. ಒಂದು ಸಲ, ಕೆಮ್ಮು ವಾಸಿಯಾಯಿತು ಎಂದು ಬಂದು ತಲೆಯಿಟ್ಟಿದ್ದರೆ ಕಿವಿಗೆ ಚುಚ್ಚುತ್ತಿತ್ತು, ಇದೇನೇ ಎಂದು ಕೇಳುತ್ತಿದ್ದ, ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ. ಅವನಿಗೆ ತುಂಬ ದುಃಖವಾಯಿತು. ದುಃಖವಾಯಿತೆಂದು ಗೊತ್ತಾಯಿತು, ಆದರೆ ಕಣ್ಣು ಒಣಗಿಯೇ ಇತ್ತು, ಕೈ ತನ್ನಷ್ಟಕ್ಕೆ ಚಾದರದ ಸುಕ್ಕು ಸರಿಮಾಡುತ್ತಿತ್ತು. ಮಗುವನ್ನು ಹಾಲ್‌ಗೆ ಒಯ್ದು ಅಂತೋನಿಯ ಪುಸ್ತಕದ ತೂತಿನ ಮೇಲೆ ಹಿಡಿದ. ಸರಿಯಾಗಿ ಕೂರುತ್ತಿತ್ತು, ಒತ್ತಿದರೆ ಆಯಿತು. ಜಲಜಾಕ್ಷಿಯ ಮಾನ ಉಳಿಯುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಒತ್ತಲಾಗಲಿಲ್ಲ. ಅತ್ತೆಯ ಕಾನೂನು ಅತ್ತೆಯದ್ದೇ, ಪೊಲೀಸ್ ಸ್ಟೇಷನ್ ಎಂದು ನಕ್ಕವನು ತಾನೇ. ಆದರೂ ಸಿಗದಿದ್ದದ್ದನ್ನು ಸಿಕ್ಕಿತು ಎಂದು ಸಂತನಿಗೆ ಸುಳ್ಳು ಲೆಕ್ಕ ಒಪ್ಪಿಸಲು ಕೈ ಬರಲಿಲ್ಲ. ವಾಪಸು ಹೋಗಿ ಮಗುವನ್ನು ದಿಂಬಿನ ಚೀಲದೊಳಗಿಟ್ಟು ದಿಂಬನ್ನು ಮೊದಲಿನ ಹಾಗೆಯೇ ಇಟ್ಟ. ಸಂತನನ್ನು ಸ್ನಾನದ ಟವೆಲಿನಲ್ಲಿ ಸುತ್ತಿದ.

ಕೆಳಗೆ ಜಲಜಾಕ್ಷಿ ಕಾರಿನ ಹಿಂದಿನ ಬಾಗಿಲು ತೆರೆದು ನಿಂತಿದ್ದಳು. ಮಲ್ಲಿಗೆ ಮುಡಿದಿದ್ದಳು, ಸೀಟಿನ ಮೇಲೆ ಬುಟ್ಟಿ ತುಂಬ ಹಂಚಲಿಕ್ಕೆಂದು ತಂದ ಬನ್ನುಗಳಿದ್ದವು. ಟವೆಲು ಸರಿಸಿ ಕೈಮುಗಿಯಲು ಹೋದವಳು ಹಾಗೆಯೇ ನಿಂತಳು.

"ಯುಜಿನಣ್ಣ, ಮಗು ಎಲ್ಲಿ?"

"ಎಮಿಲ್ಡಾ ತೆಗೆದಿಟ್ಟದ್ದು. ಅವಳದ್ದೊಂದು ಕಳೆದುಹೋಗಿತ್ತು. ಅದು ಸಿಕ್ಕಿದ ಮೇಲೆ ವಾಪಸು ಇಡ್ಬೇಕು ಅಂತ ಕ್ರಮ."

"ಅಕ್ಕ ಹೋಗಿ ಆಯ್ತಲ್ಲ. ಅದು ಸಿಕ್ಕಿಲ್ವಾ?"

"ಸಿಕ್ಕಿಲ್ಲ."

ಏನದು ಎಂದು ಅವಳು ಕೇಳುತ್ತಾಳೆಂದು ಅವನು ಕಾದ. ಕೇಳಿದ್ದರೆ ಹೇಳುತ್ತಿದ್ದನೇನೋ. ಅವಳು ಕೇಳಲಿಲ್ಲ, ಟವೆಲನ್ನು ಮತ್ತೆ ಸಂತನ ಹೆಗಲಿಗೆ ಹೊದಿಸಿದಳು.

"ನಿಮ್ಗೆ ಕಷ್ಟ ಆಗ್ತದೆ," ಎಂದ. "ನಾಲ್ಕು ಜನ ಬಂದು ನೋಡುವಾಗ ಖಾಲಿ ತೋಳು."

"ಬರ್ಲಿ. ನಮ್ಮಲ್ಲೂ ಹರಕೆ ಬಾಕಿ ಇದ್ರೆ ಬಾಕಿ ಅಂತಲೇ ಹೇಳೂದು, ಮುಚ್ಚಿಡೂದಿಲ್ಲ. ಯಾರಾದ್ರೂ ಕೇಳಿದ್ರೆ ಎಮಿಲ್ಡಕ್ಕನ ಕೆಲಸ ಮುಗೀಲಿಲ್ಲ ಅಂತ ಹೇಳ್ತೇನೆ." ಅವಳು ಸಂತನನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಳು. "ನೀವು ಬನ್ನಿ, ಹತ್ತಿ. ಚರಿತ್ರೆ ಹೇಳೂದು ಯಾರು?"

"ಇವತ್ತು ಬೇರೆಯವರು ಹೇಳ್ಲಿ. ನಾನು ಸ್ವಲ್ಪ ಮಲಗ್ಬೇಕು."

ಎರಡು ತಿಂಗಳಲ್ಲಿ ಮೊದಲ ಸಲ ಅವನು ಆಯಿತು ಎನ್ನದೆ ಇದ್ದದ್ದು. ಅವಳು ಒಂದು ಬನ್ನು ಅವನ ಕೈಯಲ್ಲಿಟ್ಟು ಹೋದಳು.

ಮೇಲೆ ಬಂದು ಬನ್ನನ್ನು ಮೇಜಿನ ಮೇಲಿಟ್ಟ. ಸೋಫಾದ ಮೇಲಿನ ಹೊದಿಕೆಯನ್ನು ಮಡಚಿ ಕಪಾಟಿನೊಳಗೆ ಹಾಕಿದ. ಬೆಡ್‌ರೂಮಿಗೆ ಹೋಗಿ ಷೂ ಬಿಚ್ಚಿ, ತನ್ನ ಬದಿಯಲ್ಲಿ, ಅವಳ ಬದಿಗೆ ಮುಖ ಮಾಡಿ ಮಲಗಿದ. ಕಿವಿಯ ಕೆಳಗೆ ದಿಂಬಿನೊಳಗಿಂದ ಗಟ್ಟಿಯಾಗಿ ಒತ್ತುತ್ತಿತ್ತು. ತಲೆ ಸರಿಸಲಿಲ್ಲ. ಅವಳ ದಿಂಬಿನ ತಗ್ಗು ಇಷ್ಟು ಹತ್ತಿರದಿಂದ ನೋಡಿ ವರ್ಷದ ಮೇಲಾಗಿತ್ತು. ಒಂದು ಕೂದಲು ಇನ್ನೂ ಅಂಟಿಕೊಂಡಿತ್ತು, ಬುಡದಲ್ಲಿ ಬಿಳಿಯಾದದ್ದು. ಕೋಣೆ ಹೆಪ್ಪುಗಟ್ಟುವಷ್ಟು ತಣ್ಣಗಿತ್ತು, ಅವಳು ಹೋದ ಮೇಲೆ ಇಲ್ಲಿಯ ಏಸಿಯನ್ನೂ ಅವನು ತನ್ನ ಲೆಕ್ಕದ ಚಳಿಗೇ ಇಟ್ಟಿದ್ದ. ರಿಮೋಟು ಅವಳ ಬದಿಯ ಮೇಜಿನ ಮೇಲಿತ್ತು, ಕೈ ನಿಲುಕುತ್ತಿರಲಿಲ್ಲ.

"ಏಸಿ ಕಡಿಮೆ ಮಾಡ್ಲಾ?" ಎಂದು ಕೇಳಿದ, ಜೋರಾಗಿಯೇ.

ಕೇಳಿ, ಉತ್ತರ ಬರುವವರೆಗೆ ಹಾಗೆಯೇ ಕಾದು ಮಲಗಿದ.